ಇಂಡಿಯಾ ಟೀಮಿಗೆ ಆಡದವನು ಬ್ಯಾಸ್ಕೆಟ್‌ಬಾಲ್ ಕೋಚ್ ಆಗಬಹುದಾ?

ಮೂವತ್ತು ದಾಟಿದೆ, ಮೊಣಕಾಲು ಕೈಕೊಡುತ್ತಿದೆ, ಇಂಡಿಯಾ ಜೆರ್ಸಿ ಸಿಗಲಿಲ್ಲ. ಇನ್ನೆರಡು ಸೀಸನ್ ಆಡಿ ಆಮೇಲೆ ಕೋಚಿಂಗ್‌ಗೆ ಬಂದರೆ ಹೆಸರಿಲ್ಲದವನ ಮಾತನ್ನು ಹುಡುಗರು ಕೇಳ್ತಾರಾ ಎಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ನಾನೂ ಇದನ್ನೇ ಯೋಚಿಸಿ ನಿದ್ದೆಗೆಟ್ಟಿದ್ದೆ.

ನಾನು ಶೂಟಿಂಗ್ ಗಾರ್ಡ್, ಅಂದರೆ ದೂರದಿಂದ ಬಾಸ್ಕೆಟ್ ಹಾಕುವವನು. ನಮ್ಮ ದೇಶದಲ್ಲಿ ಈ ಆಟದಿಂದ ಬದುಕಬೇಕು ಅಂದರೆ ಇಲಾಖೆ ಟೀಮೇ ಗತಿ ಅಲ್ವಾ? ರೈಲ್ವೆ, ಒಎನ್‌ಜಿಸಿ, ಚೆನ್ನೈನ ಇಂಡಿಯನ್ ಓವರ್‌ಸೀಸ್ ಬ್ಯಾಂಕ್, ನಮ್ಮ ಬೆಂಗಳೂರಿನ ವಿಜಯಾ ಬ್ಯಾಂಕ್. ಕಾಯಂ ನೌಕರಿ ಸಿಕ್ಕವನು ಬಚಾವ್. ನನಗೆ ಸಿಗಲಿಲ್ಲ. ಸ್ಟೈಪೆಂಡ್ ಮೇಲೆ ಒಂದು ಟೀಮು, ಅದು ಮುಗಿದರೆ ಗೆಸ್ಟ್ ಪ್ಲೇಯರ್ ಆಗಿ ಇನ್ನೊಂದು ಟೀಮು. ಹಾಸಿಗೆ ಒಂದು ಊರಲ್ಲಿ, ಟ್ರಂಕ್ ಇನ್ನೊಂದು ಊರಲ್ಲಿ. 2015ರಲ್ಲಿ ಯುಬಿಎ ಎಂಬ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಶುರುವಾದಾಗ ನಮ್ಮಂಥವರಿಗೆ ಜೀವ ಬಂದಿತ್ತು. 2017ರ ನಂತರ ಅದೂ ನಡೆಯಲಿಲ್ಲ. 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕ್ ಕೂಡ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಆಡುವ ಜಾಗಗಳು ಕಡಿಮೆಯಾಗುತ್ತಾ ಹೋದವು. ಆಗ ಒಂದು ಖಾಸಗಿ ಅಕಾಡೆಮಿಯವರು ಹದಿನಾರರೊಳಗಿನ ಹುಡುಗರ ಟೀಮು ಕೊಟ್ಟರು. ಇಷ್ಟು ವರ್ಷ ಆಡಿದ್ದೀನಲ್ಲ, ಕಲಿಸೋದು ಏನು ಮಹಾ ಎಂದು ಒಪ್ಪಿಕೊಂಡೆ.

ನಾನು ಎಡವಿದ್ದು ಇಲ್ಲೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಟೀಮಿಂದ ಟೀಮಿಗೆ ಅಲೆದ ಆಟಗಾರರಲ್ಲಿ ಇದು ತುಂಬಾ ಜಾಸ್ತಿ.

'ಹಾರ್ನ್ಸ್' ಆಟ ನೀವೂ ಆಡಿರುತ್ತೀರಿ. ಮೇಲ್ಗಡೆ ಆಟ ನಡೆಸುವ ಪಾಯಿಂಟ್ ಗಾರ್ಡ್, ಫ್ರೀ ಥ್ರೋ ಗೆರೆಯ ಎರಡು ತುದಿಯಲ್ಲಿ ಇಬ್ಬರು ಬಿಗ್‌ಗಳು (ಎತ್ತರದ ಆಟಗಾರರು), ಎರಡು ಕಾರ್ನರ್‌ಗಳಲ್ಲಿ ಇಬ್ಬರು ಶೂಟರ್‌ಗಳು. ಯಾವ ಟೀಮಿಗೆ ಹೋದರೂ ನನ್ನ ಜಾಗ ಆ ಕಾರ್ನರ್. ನನ್ನನ್ನು ಕಾಯುವವನು ತನ್ನ ಜೊತೆಗಾರನ ಹೆಲ್ಪ್‌ಗೆ ಹೋದ ಕೂಡಲೇ ಬಾಲ್ ನನ್ನ ಕೈಗೆ ಬರುತ್ತಿತ್ತು. ಹಿಡಿದು ಶೂಟ್ ಮಾಡುವುದಷ್ಟೇ ನನ್ನ ಕೆಲಸ. ಅದನ್ನು ಚೆನ್ನಾಗಿ ಮಾಡುತ್ತಿದ್ದೆ, ಅದಕ್ಕೇ ಕರೆ ಬರುತ್ತಿತ್ತು. ಆದರೆ ಅವನು ನನ್ನನ್ನು ಬಿಟ್ಟು ಯಾಕೆ ಹೋದ? ಬಿಗ್ ಡಿಫೆಂಡರ್‌ಗೆ ಅಡ್ಡ ನಿಂತು ಯಾವ ಕೋನದಲ್ಲಿ ಸ್ಕ್ರೀನ್ ಕೊಟ್ಟ? ಗಾರ್ಡ್ ಒಂದು ಡ್ರಿಬಲ್ ಹೆಚ್ಚು ಹಾಕಿದ್ದು ಯಾರನ್ನು ಎಳೆಯುವುದಕ್ಕೆ? ನನಗೆ ಗೊತ್ತಿರಲಿಲ್ಲ. ಪ್ರತಿ ಕೋಚೂ ಇದನ್ನು ಬೋರ್ಡ್ ಮೇಲೆ ಬರೆದು ತೋರಿಸುತ್ತಿದ್ದರು. ನನ್ನ ನಂಬರ್ ಬರುವವರೆಗೆ ನಾನು ಕಿವಿಗೊಡುತ್ತಿರಲಿಲ್ಲ. ಎಷ್ಟೋ ಒಳ್ಳೆ ಕೋಚ್‌ಗಳ ಕೈಕೆಳಗೆ ಆಡಿ, ಐದರಲ್ಲಿ ಒಂದು ಪಾಲು ಆಟ ಮಾತ್ರ ಕಲಿತಿದ್ದೆ.

ಮೊದಲ ಟೂರ್ನಿಯಲ್ಲೇ ಎದುರಿನ ಟೀಮು ಟೂ-ತ್ರೀ ಜೋನ್ ಹಾಕಿತು, ಅಂದರೆ ಒಬ್ಬೊಬ್ಬನನ್ನು ಹಿಂಬಾಲಿಸದೆ ಮುಂದೆ ಇಬ್ಬರು, ಹಿಂದೆ ಮೂವರು ನಿಂತು ತಮ್ಮ ತಮ್ಮ ಜಾಗ ಕಾಯುವುದು. ಜೋನ್ ಒಡೆಯಲು ಒಬ್ಬನನ್ನು ಫ್ರೀ ಥ್ರೋ ಗೆರೆಯ ಮಧ್ಯಕ್ಕೆ ತರಬೇಕು. ಬಾಲ್ ಅವನಿಗೆ ಹೋದರೆ ಮುಂದಿನ ಇಬ್ಬರು ಒಳಗೆ ಕುಗ್ಗುತ್ತಾರೆ, ಹಿಂದಿನ ಸಾಲಿನ ಮಧ್ಯದವನು ಮುಂದೆ ಬರುತ್ತಾನೆ. ಆಗ ಬೇಸ್‌ಲೈನ್ ಪಕ್ಕದ ಶಾರ್ಟ್ ಕಾರ್ನರ್ ಖಾಲಿಯಾಗುತ್ತದೆ, ಆಚೆ ಬದಿಯ ಶೂಟರ್ ಕೂಡ ಒಂಟಿಯಾಗುತ್ತಾನೆ. ಆ ಒಂಟಿ ಶೂಟರ್ ಆಗಿ ನಾನು ವರ್ಷಗಟ್ಟಲೆ ಬಾಸ್ಕೆಟ್ ಹಾಕಿದ್ದೆ. ಅವನನ್ನು ಒಂಟಿ ಮಾಡುವುದು ಹೇಗೆ ಎಂದು ಹುಡುಗರಿಗೆ ಹೇಳಲು ಬರಲಿಲ್ಲ. 'ಬಾಲ್ ಬೇಗ ಓಡಿಸಿ' ಎಂದು ಕೂಗಿದೆ. ಮೊದಲರ್ಧದ ಎರಡು ಟೈಮ್‌ಔಟ್ ಹೋದವು, ಎರಡನೇ ಅರ್ಧದ ಮೂರೂ ಹೋದವು. ಪ್ರತಿ ಸಲವೂ ಹುಡುಗರು ಬೆವರು ಒರೆಸಿಕೊಳ್ಳುತ್ತಾ ನನ್ನ ಮುಖ ನೋಡಿದರು, ನಾನು ಅದೇ ಮಾತು ಹೇಳಿದೆ. ಮುಂದಿನ ಮ್ಯಾಚ್‌ಗಳಲ್ಲಿ ಎಲ್ಲರೂ ನಮ್ಮ ಮೇಲೆ ಜೋನನ್ನೇ ಹಾಕಿದರು. ಸೀಸನ್ ಮುಗಿಯುತ್ತಿದ್ದ ಹಾಗೆ ಕೆಲಸ ಹೋಯಿತು. ಊರ ತುಂಬಾ ಮಾತು ಹರಡಿತು, ಬಹಳ ದಿನ ಯಾರೂ ಕರೆಯಲಿಲ್ಲ.

ಮತ್ತೆ ದಾರಿ ತೋರಿದವರು ಒಂದು ಮಹಿಳಾ ಕಾಲೇಜಿನ ಪಿಇ ಮೇಡಂ. ಯೂನಿವರ್ಸಿಟಿ ಮಟ್ಟ ದಾಟಿ ಆಡಿದವರಲ್ಲ. ಸಂಬಳವಿಲ್ಲದೆ ಅವರಿಗೆ ಅಸಿಸ್ಟೆಂಟ್ ಆದೆ. ಅವರು ಬಾಲ್ ನೋಡುತ್ತಿರಲೇ ಇಲ್ಲ. ಬಾಲ್ ಇಲ್ಲದ ನಾಲ್ಕು ಜನ ಎಲ್ಲಿದ್ದಾರೆ ಎಂದು ನೋಡಿ ಹಾಳೆಯಲ್ಲಿ ಗುರುತು ಹಾಕುತ್ತಿದ್ದರು. ನಾನು ಆಟ ನೋಡಲು ಕಲಿತದ್ದು ಅವರ ಪಕ್ಕ ಬೆಂಚಿನಲ್ಲಿ ಕೂತು. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಕೋಚಿಂಗ್ ಡಿಪ್ಲೊಮಾ ಮಾಡಿದ್ದು ಅದಾದ ಮೇಲೆ.

ಹಾಗಾಗಿ ಇಂಡಿಯಾ ಜೆರ್ಸಿ ಬಗ್ಗೆ ನಿಮ್ಮ ಚಿಂತೆಯನ್ನು ನಾನು ಒಪ್ಪುವುದಿಲ್ಲ. ಕೋಚ್ ನಮ್ಮ ಆಟ ಸುಧಾರಿಸುತ್ತಾನಾ ಇಲ್ಲವಾ ಎಂದು ಹುಡುಗರಿಗೆ ಬೇಗ ಗೊತ್ತಾಗುತ್ತದೆ, ಅವರಿಗೆ ಬೇಕಾದದ್ದು ಅಷ್ಟೇ. ನಿಕ್ ನರ್ಸ್ ಅಮೆರಿಕದ ದೊಡ್ಡ ಲೀಗ್ ಎನ್‌ಬಿಎ ಆಡಿದವರಲ್ಲ. ಇಂಗ್ಲೆಂಡಿನ ಡರ್ಬಿಯಲ್ಲಿ ಆಡುತ್ತಲೇ ಕೋಚ್ ಆಗಿದ್ದರು. ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಆಮೇಲೆ ಎನ್‌ಬಿಎ ಕೆಳಗಿನ ಡಿ-ಲೀಗ್ ಎಂದು ಸುತ್ತಿ 2019ರಲ್ಲಿ ಟೊರಾಂಟೊಗೆ ಎನ್‌ಬಿಎ ಪಟ್ಟ ಗೆದ್ದುಕೊಟ್ಟರು. ಎರಿಕ್ ಸ್ಪೊಯೆಲ್‌ಸ್ಟ್ರಾ ಜರ್ಮನಿಯ ಸಣ್ಣ ಕ್ಲಬ್ಬಿನಲ್ಲಿ ಆಡಿ, 1995ರಲ್ಲಿ ಎನ್‌ಬಿಎಯ ಮಯಾಮಿ ಟೀಮಿನ ವಿಡಿಯೊ ಕೋಣೆಗೆ ಸೇರಿದವರು. 2012, 2013ರಲ್ಲಿ ಅದೇ ಟೀಮಿನ ಕೋಚ್ ಆಗಿ ಚಾಂಪಿಯನ್. ನಮ್ಮದೇ ಉದಾಹರಣೆ ಬೇಕಾ? 2014ರಲ್ಲಿ ವುಹಾನ್‌ನಲ್ಲಿ ಭಾರತ ಚೀನಾವನ್ನು 65-58ರಿಂದ ಸೋಲಿಸಿದಾಗ ಕೋಚ್ ಸ್ಕಾಟ್ ಫ್ಲೆಮಿಂಗ್. ಅವರೂ ಎನ್‌ಬಿಎಯಲ್ಲಿ ಆಡಿದವರಲ್ಲ.

'ಇನ್ನೆರಡು ಸೀಸನ್ ಆಡಿ ಆಮೇಲೆ' ಎಂಬುದನ್ನೂ ಬಿಡಿ. ಆಟ ಬಿಡಿ ಎನ್ನುತ್ತಿಲ್ಲ, ಮೈಯಲ್ಲಿ ಶಕ್ತಿ ಇರುವವರೆಗೆ ಆಡಿ. ಆದರೆ ಕೋಚಿಂಗನ್ನು ಈ ಸೀಸನ್‌ನಿಂದಲೇ ಶುರು ಮಾಡಿ. ಟೀಮು, ಬೋರ್ಡು, ಕೋಚು ಎಲ್ಲ ಕಣ್ಣೆದುರಿಗೇ ಇರುವುದು ಈಗ. ಹೊರಗೆ ಬಂದ ಮೇಲೆ ಅಷ್ಟು ಹತ್ತಿರದಿಂದ ನೋಡಲು ಯಾರೂ ಬಿಡುವುದಿಲ್ಲ. ಸರ್ಕಾರಿ ಕೋಚ್ ಹುದ್ದೆಗಳಿಗೆ ಸಾಮಾನ್ಯವಾಗಿ ಎನ್‌ಐಎಸ್ ಡಿಪ್ಲೊಮಾ ಕೇಳುತ್ತಾರೆ, ಅದನ್ನೂ ಮಾಡಿ. ಆದರೆ ಸುಮ್ನೆ ಸರ್ಟಿಫಿಕೇಟ್‌ಗೆ ಅಂತ ಹೋಗಬೇಡಿ, ಕೇಳಬೇಕಾದ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ.

ನೀವು ಗಾರ್ಡ್ ಆಗಿದ್ದರೆ ನಾಳೆ ವಾಕ್‌ಥ್ರೂನಲ್ಲಿ (ಆಟವನ್ನು ನಿಧಾನವಾಗಿ ನಡೆದು ತೋರಿಸುವ ಅಭ್ಯಾಸದಲ್ಲಿ) ಬಿಗ್‌ಗಳ ಜಾಗದಲ್ಲಿ ನಿಲ್ಲುತ್ತೇನೆ ಎಂದು ಕೋಚ್‌ಗೆ ಕೇಳಿ. ಸ್ಕ್ರೀನ್ ಕೊಡುವಾಗ ಬೆನ್ನು ಯಾವ ಕಡೆ ಇರಬೇಕು, ಯಾವಾಗ ತಿರುಗಿ ಬಾಸ್ಕೆಟ್ ಕಡೆ ಓಡಬೇಕು, ಆಗ ಕಾರ್ನರ್‌ನಲ್ಲಿ ನಿಂತ ಡಿಫೆಂಡರ್ ಏನು ಮಾಡುತ್ತಾನೆ ಎಂದು ನೋಡಿ. ರಾತ್ರಿ ರೂಮಿಗೆ ಬಂದು ಐದೂ ಜನರ ಓಟವನ್ನು ಒಂದು ನೋಟ್‌ಬುಕ್‌ನಲ್ಲಿ ಗೆರೆ ಎಳೆದು ಬರೆಯಿರಿ. ಯಾರ ಗೆರೆಯಲ್ಲಿ ಪೆನ್ನು ನಿಲ್ಲುತ್ತದೋ, ಮರುದಿನ ಪ್ರಾಕ್ಟೀಸ್‌ನಲ್ಲಿ ಅವನ ಜಾಗದಲ್ಲಿ ನಿಲ್ಲಿ.