ಓಡದಂತೆ ಕಾಲುಡುಪು ಚುಚ್ಚಿಕೊಂಡ ಯೋಧ ಯಾರು?

ಪ್ರಶ್ನೆ: ಮಗಳ ಮನೆಗೆ ಅಂತ ಡಲ್ಲಾಸ್‌ಗೆ ಬಂದಿದ್ದೇವೆ. ಮೊನ್ನೆ ಒಕ್ಲಹೋಮ ಸಿಟಿಗೆ ಹೋದಾಗ ಅಲ್ಲಿನ ಕ್ಯಾಪಿಟಲ್, ಅಂದರೆ ರಾಜ್ಯದ ಶಾಸನಸಭೆಯ ಕಟ್ಟಡದ ಗುಮ್ಮಟದ ಮೇಲೆ ಭರ್ಜಿ ಹಿಡಿದ ಮೂಲನಿವಾಸಿ ಯೋಧನ ಪ್ರತಿಮೆ ನೋಡಿದೆವು. ಅದು ಚಿಕಸಾ ಬುಡಕಟ್ಟಿನ ಯೋಧ ಅಂತ ಅಳಿಯಂದಿರು ಹೇಳಿದರು. ಹೌದಾ?
(ಓದುಗರು, ಹಾಸನ)

ಉತ್ತರ: ಅಲ್ಲ. ಆದರೆ ಅಳಿಯಂದಿರು ನೋಡಿ, ನಯವಾಗಿ ಹೇಳಿ! ಅದರ ಹೆಸರು ‘ದಿ ಗಾರ್ಡಿಯನ್’. ಮಾಡಿದವರು ಎನಾಕ್ ಕೆಲ್ಲಿ ಹೇನಿ. ಸೆಮಿನೋಲ್ ಮತ್ತು ಮಸ್ಕೋಗಿ ಬುಡಕಟ್ಟುಗಳ ಮೂಲದವರು, ರಾಜ್ಯದ ಸೆನೆಟರ್ ಆಗಿದ್ದವರು, ಆಮೇಲೆ ಸೆಮಿನೋಲ್ ಜನರ ಮುಖ್ಯಸ್ಥರೂ ಆದರು. ತಾವು ಕೂತು ಚರ್ಚೆ ಮಾಡಿದ ಕಟ್ಟಡದ ನೆತ್ತಿಯ ಮೇಲೆ ತಮ್ಮದೇ ಶಿಲ್ಪ ನಿಲ್ಲಿಸುವ ಯೋಗ ಎಷ್ಟು ಜನಕ್ಕಿದೆ ಹೇಳಿ. 1917ರಲ್ಲಿ ಆ ಕಟ್ಟಡ ಮುಗಿದಾಗ ಅದಕ್ಕೆ ಗುಮ್ಮಟವೇ ಇರಲಿಲ್ಲ. ಗುಮ್ಮಟವೂ ಅದರ ಮೇಲಿನ ಸುಮಾರು 17 ಅಡಿಯ ಕಂಚಿನ ಯೋಧನೂ ಬಂದದ್ದು 2002ರಲ್ಲಿ.

ಕೆಳಗಿನಿಂದ ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳೋದಿಲ್ಲ. ಆ ಯೋಧ ಭರ್ಜಿಯಿಂದ ತನ್ನ ಕಾಲುಡುಪನ್ನೇ ನೆಲಕ್ಕೆ ಚುಚ್ಚಿಕೊಂಡು ನಿಂತಿದ್ದಾನೆ. ಗೆದ್ದರೆ ಇಲ್ಲೇ, ಸತ್ತರೂ ಇಲ್ಲೇ ಅಂತ. ಇದು ಶಯಾನ್ ಬುಡಕಟ್ಟಿನಂಥ ಬಯಲು ಪ್ರದೇಶದ ಯೋಧರಿಗೆ ಹೆಸರಾದ ಪದ್ಧತಿ. ಚಿಕಸಾಗಳು ಕಾಡಿನ ಜನ, ಅವರ ಯುದ್ಧದ ರೀತಿಯೇ ಬೇರೆ. ಒಕ್ಲಹೋಮದಲ್ಲಿ 30ಕ್ಕೂ ಹೆಚ್ಚು ಬುಡಕಟ್ಟುಗಳಿವೆ, ಗಾರ್ಡಿಯನ್ ಯಾರೊಬ್ಬರಿಗೂ ಸೇರಿದವನಲ್ಲ.

ಪ್ರಶ್ನೆ: ಹಾಗಾದರೆ ಚಿಕಸಾ ವೀರನದೇ ಪ್ರತಿಮೆ ಎಲ್ಲೂ ಇಲ್ವಾ? ಇವರು ಅಷ್ಟು ದೊಡ್ಡ ಯೋಧರಾ?

ಉತ್ತರ: ಇದೆ. ಮಿಸಿಸಿಪಿ ರಾಜ್ಯದ ಟುಪೆಲೊ ಊರಿಗೆ ಹೋಗಿ. ಎಲ್ವಿಸ್ ಪ್ರೀಸ್ಲಿ ಹುಟ್ಟಿದ ಊರು ಅಂತ ಎಲ್ಲರೂ ಅವನ ಪುಟ್ಟ ಮನೆ ನೋಡಿಕೊಂಡು ವಾಪಸ್ ಬರ್ತಾರೆ. ಅಲ್ಲಿನ ಸಿಟಿ ಹಾಲ್ ಮುಂದೆ ಪಿಯೊಮಿಂಕೊ ನಿಂತಿದ್ದಾನೆ, ಕಂಚಿನಲ್ಲಿ. 18ನೇ ಶತಮಾನದ ಕೊನೆಯಲ್ಲಿದ್ದ ಚಿಕಸಾ ನಾಯಕ, ಜಾರ್ಜ್ ವಾಷಿಂಗ್ಟನ್ ಕಡೆಯವನು, ಅಮೆರಿಕದ ಜೊತೆ 1786ರ ಹೋಪ್‌ವೆಲ್ ಒಪ್ಪಂದಕ್ಕೆ ಸಹಿ ಹಾಕಿದವನು.

ಇನ್ನು ಯೋಧರ ವಿಷಯ. 1540ರ ಚಳಿಗಾಲದಲ್ಲಿ ಸ್ಪೇನಿನ ಹೆರ್ನಾಂಡೊ ಡಿ ಸೊಟೊ ಇವರ ನಾಡಿನಲ್ಲಿ ಬಿಡಾರ ಹೂಡಿದ. ಜೊತೆಗೆ ಹಂದಿಗಳ ಹಿಂಡು ತಂದಿದ್ದ. ಚಿಕಸಾ ಮುಖ್ಯಸ್ಥರಿಗೆ ಹಂದಿಮಾಂಸದ ಊಟ ಹಾಕಿಸಿದ, ಅವರಿಗೆ ರುಚಿ ಹತ್ತಿತು, ರಾತ್ರಿ ಹೊತ್ತು ಹಂದಿ ಕಳುವಾಗತೊಡಗಿದವು. ಸಿಕ್ಕಿಬಿದ್ದ ಇಬ್ಬರನ್ನು ಕೊಂದು ಮೂರನೆಯವನ ಕೈ ಕತ್ತರಿಸಿ ಕಳಿಸಿದ. ಮಾರ್ಚ್‌ನಲ್ಲಿ ಹೊರಡುವಾಗ ಮೂಟೆ ಹೊರೋಕೆ 200 ಆಳು ಕೊಡಿ ಅಂತ ಬೇರೆ ಕೇಳಿದ! ಆಳು ಬರಲಿಲ್ಲ, ರಾತ್ರಿ ಬೆಂಕಿ ಬಂತು. ಬಿಡಾರ ಸುಟ್ಟು ಹೋಯಿತು, ಎಷ್ಟೋ ಕುದುರೆ, ನೂರಾರು ಹಂದಿ ಸತ್ತವು, ಸೈನಿಕರು ಮೈಮೇಲಿನ ಬಟ್ಟೆಯಲ್ಲಿ ಓಡಿದರು. ಸುಮಾರು 200 ವರ್ಷದ ನಂತರ, 1736ರಲ್ಲಿ, ಫ್ರೆಂಚರು ಎರಡು ಕಡೆಯಿಂದ ದಂಡೆತ್ತಿ ಬಂದರು. ಮಾರ್ಚ್‌ನಲ್ಲಿ ಬಂದ ಫ್ರೆಂಚ್ ಅಧಿಕಾರಿ ಡಾರ್ಟಗೆಟ್‌ನ ತುಕಡಿಯನ್ನು ಚಿಕಸಾಗಳು ಮುಗಿಸಿದರು. ಲೂಸಿಯಾನದ ಗವರ್ನರ್ ಬಿಯೆನ್‌ವಿಲ್ ಮೇ 26ರಂದು ಆಕಿಯಾ ಎಂಬ ಹಳ್ಳಿಯ ಮೇಲೆ ಬಿದ್ದ, ಅವನೂ ಸೋತು ಹಿಂದಿರುಗಿದ. ಅದು ಈಗಿನ ಟುಪೆಲೊ ಊರಲ್ಲೇ ನಡೆದದ್ದು.

ಯುದ್ಧದಲ್ಲಿ ಬಿಡದ ಆ ನೆಲ ಹೋದದ್ದು ಕಾಗದದ ಮೇಲೆ. ಅಮೆರಿಕದ ಜೊತೆ 1832ರ ಒಪ್ಪಂದ, ಆಮೇಲೆ 1837ರಿಂದ ಗಂಟುಮೂಟೆ ಕಟ್ಟಿಕೊಂಡು ಇಂದಿನ ಒಕ್ಲಹೋಮಕ್ಕೆ ನಡೆದರು. ಅಂದರೆ ಪಿಯೊಮಿಂಕೊ ಈಗ ನಿಂತಿರೋದು ತನ್ನ ಜನರನ್ನು ಎಬ್ಬಿಸಿ ಕಳಿಸಿದ ಜಾಗದಲ್ಲಿ. ನನಗಂತೂ ಗುಮ್ಮಟದ ಯೋಧನಿಗಿಂತ ಇವನೇ ಜಾಸ್ತಿ ಮುಖ್ಯ ಅನ್ನಿಸುತ್ತಾನೆ. ಎಲ್ವಿಸ್ ಅಭಿಮಾನಿಗಳು ಬೈದರೆ ಬೈಯಲಿ.

ಪ್ರಶ್ನೆ: ಸಿನಿಮಾದಲ್ಲಿ ತಲೆಯಿಂದ ಬೆನ್ನವರೆಗೆ ಗರಿ ಇಳಿಬಿಟ್ಟುಕೊಂಡಿರ್ತಾರಲ್ಲ, ಹಾಗೇನಾ?

ಉತ್ತರ: ಆ ಉದ್ದನೆಯ ಗರಿಕಿರೀಟ ಬಯಲು ಪ್ರದೇಶದವರದ್ದು, ಚಿಕಸಾಗಳದ್ದಲ್ಲ. ಚಿಕಸಾ ನೇಷನ್‌ನ, ಅಂದರೆ ಅವರ ಸ್ವಂತ ಸರ್ಕಾರದ ಮುದ್ರೆ ನೋಡಿ, ಅದರಲ್ಲಿರೋದು ಅವರ ಕೊನೆಯ ಯುದ್ಧನಾಯಕ ಟಿಶೊಮಿಂಕೊ. ತಲೆಯಲ್ಲಿ ನಾಲ್ಕೇ ಗರಿ, ನಾಲ್ಕು ದಿಕ್ಕಿಗೆ. ಕೈಯಲ್ಲಿ ಬಿಲ್ಲು, ಗುರಾಣಿ, ಎರಡು ಬಾಣ. ಬಾಣಗಳೆರಡೂ ಹಳೆಯ ಕಾಲದ ಎರಡು ಪಂಗಡಗಳ ಗುರುತು.

ಪ್ರಶ್ನೆ: ಮೊಮ್ಮಗನಿಗೆ ಇದೆಲ್ಲ ತೋರಿಸಬೇಕು. ಡಲ್ಲಾಸ್‌ನಿಂದ ಟುಪೆಲೊ ತುಂಬಾ ದೂರ ಅಂತಾರೆ.

ಉತ್ತರ: ಸುಮ್ನೆ ಅಷ್ಟು ದೂರ ಬೇಡ. ಉತ್ತರಕ್ಕೆ ಕಾರಿನಲ್ಲಿ ಸುಮಾರು 2 ಗಂಟೆ ಹೋದರೆ ಸಲ್ಫರ್ ಎಂಬ ಊರು. ಅಲ್ಲಿ 2010ರಲ್ಲಿ ಚಿಕಸಾಗಳೇ ತೆರೆದ ಸಾಂಸ್ಕೃತಿಕ ಕೇಂದ್ರ ಇದೆ, ಹಳೆಯ ಕಾಲದ ಹಳ್ಳಿಯೊಂದನ್ನೂ ಕಟ್ಟಿದ್ದಾರೆ. ಬೇಸಿಗೆ ಮನೆ ಬೇರೆ, ಚಳಿಗಾಲದ ಮನೆ ಬೇರೆ. ಅಳಿಯಂದಿರನ್ನೂ ಕರೆದುಕೊಂಡು ಹೋಗಿ.