ನಿದ್ರೆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಹುದೇ?

ಪ್ರಶ್ನೆ: ನನ್ನ ತಾಯಿಗೆ 68 ವರ್ಷ. ತಂದೆ ತೀರಿಕೊಂಡಾಗ ವೈದ್ಯರು ಹದಿನೈದು ದಿನಕ್ಕೆಂದು ಬರೆದುಕೊಟ್ಟ ಅಲ್ಪ್ರಜೋಲಾಮ್ 0.5 ಮಿಲಿಗ್ರಾಂ ಮಾತ್ರೆಯನ್ನು ಅದೇ ಹಳೆಯ ಚೀಟಿ ತೋರಿಸಿ ನಾಲ್ಕು ವರ್ಷಗಳಿಂದ ತರಿಸಿಕೊಳ್ಳುತ್ತಿದ್ದಾರೆ. ಈಚೆಗೆ ಮರೆವು ಹೆಚ್ಚಿದೆ. ರಾತ್ರಿ ಬಚ್ಚಲಿಗೆ ಹೋಗುವಾಗ ಎರಡು ಸಲ ಜೋಲಿ ತಪ್ಪಿದ್ದಾರೆ. ಹೆದರಿ ಮಾತ್ರೆ ಬಚ್ಚಿಟ್ಟೆ. ಎರಡನೆಯ ರಾತ್ರಿಗೇ ಕೈ ನಡುಗಿ, ಬೆವರಿ, ಬೆಳಗಿನವರೆಗೆ ಎದ್ದು ಕುಳಿತಿದ್ದರು. ಇದು ಚಟವೇ?

ಉತ್ತರ: ಮೊದಲು ಅವರ ವೈದ್ಯರಿಗೆ ಇಂದೇ ಫೋನ್ ಮಾಡಿ ನಡೆದದ್ದನ್ನು ತಿಳಿಸಿ. ವರ್ಷಗಟ್ಟಲೆ ಸೇವಿಸಿದ ಈ ಜಾತಿಯ ಔಷಧವನ್ನು ಹಠಾತ್ತನೆ ನಿಲ್ಲಿಸಿದರೆ ನಡುಕವಷ್ಟೇ ಅಲ್ಲ, ಫಿಟ್ಸ್ ಕೂಡ ಬರಬಹುದು; ಫಿಟ್ಸ್ ಬಂದರೆ ಅಥವಾ ಮಾತು ತೊದಲಿ ಗೊಂದಲಗೊಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಚಟ ಎಂಬ ಮಾತಿನಲ್ಲಿ ತಪ್ಪು ಹೊರಿಸುವ ಧ್ವನಿಯಿದೆ. ನಿಮ್ಮ ತಾಯಿಯವರದು ಮೆದುಳು ಔಷಧಕ್ಕೆ ಒಗ್ಗಿಕೊಂಡ ಸ್ಥಿತಿ. ನರಕೋಶಗಳ ಚುರುಕನ್ನು ತಗ್ಗಿಸಲು ಮೆದುಳಿನಲ್ಲಿ ಗಾಬಾ ಎಂಬ ರಾಸಾಯನಿಕವಿದೆ. ಅದು ಕೋಶದ ಮೇಲಿರುವ ತನ್ನ ಗ್ರಾಹಕಕ್ಕೆ ಅಂಟಿಕೊಂಡಾಗ ಸಣ್ಣ ಬಾಗಿಲೊಂದು ತೆರೆದು, ಕ್ಲೋರೈಡ್ ಅಯಾನುಗಳೆಂಬ ವಿದ್ಯುದಾವೇಶದ ಕಣಗಳು ಕೋಶದೊಳಗೆ ನುಗ್ಗಿ ಅದನ್ನು ಶಾಂತಗೊಳಿಸುತ್ತವೆ. ಅಲ್ಪ್ರಜೋಲಾಮ್, ಡಯಾಜೆಪಾಮ್, ಕ್ಲೋನಾಜೆಪಾಮ್‌ಗಳು ಆ ಬಾಗಿಲು ಮತ್ತೆ ಮತ್ತೆ ತೆರೆಯುವಂತೆ ಮಾಡುತ್ತವೆ. ತಿಂಗಳುಗಟ್ಟಲೆ ಹೊರಗಿನ ನೆರವು ಸಿಕ್ಕರೆ ಗ್ರಾಹಕಗಳ ಸ್ಪಂದನೆ ಮಂದವಾಗುತ್ತದೆ. ನೆರವು ಏಕಾಏಕಿ ನಿಂತಾಗ ತಡೆಯಿಲ್ಲದ ನರಕೋಶಗಳು ಕೆರಳುತ್ತವೆ. ನೀವು ಆ ರಾತ್ರಿ ಕಂಡದ್ದು ಇದನ್ನೇ.

ಮರೆವಿಗೂ ಇದೇ ಮೂಲವಿರಬಹುದು. ಹೊಸ ನೆನಪುಗಳನ್ನು ದಾಖಲಿಸುವ ಹಿಪೊಕ್ಯಾಂಪಸ್ ಭಾಗವೂ ಮಂಪರಿಗೆ ಒಳಗಾಗುವುದರಿಂದ, ಮಾತ್ರೆ ನುಂಗಿದ ಮೇಲೆ ಒಲೆಯ ಮೇಲೆ ಹಾಲಿಟ್ಟವರಿಗೆ ಬೆಳಿಗ್ಗೆ ಸೀದ ಪಾತ್ರೆ ಕಂಡರೂ ತಾನೇ ಇಟ್ಟದ್ದೆಂಬ ನೆನಪೇ ಇರುವುದಿಲ್ಲ. ಔಷಧದ ಪ್ರಮಾಣ ರಕ್ತದಲ್ಲಿ ಅರ್ಧಕ್ಕಿಳಿಯಲು ಆರೋಗ್ಯವಂತ ವಯಸ್ಕರಲ್ಲಿ ಸುಮಾರು 11 ಗಂಟೆ, ವೃದ್ಧರಲ್ಲಿ ಸುಮಾರು 16 ಗಂಟೆ ಬೇಕು. ಅಂದರೆ ರಾತ್ರಿ ಹತ್ತಕ್ಕೆ ನುಂಗಿದ್ದು ಮಧ್ಯರಾತ್ರಿ ಎದ್ದಾಗ ಬಹುಪಾಲು ಹಾಗೇ ಇರುತ್ತದೆ. ಸ್ನಾಯುಗಳೂ ಸಡಿಲವಾಗಿರುವ ಆ ಹೊತ್ತಿನಲ್ಲಿ ಬಿದ್ದರೆ ಸೊಂಟದ ಮೂಳೆ ಮುರಿಯುವ ಭಯವಿದೆ. ಬಚ್ಚಲ ದಾರಿಯಲ್ಲಿ ಇಂದಿನಿಂದಲೇ ಸಣ್ಣ ದೀಪವೊಂದು ಉರಿಯಲಿ.

ಮಂಡಿನೋವಿಗೆ ಟ್ರಾಮಡಾಲ್, ಕೆಮ್ಮಿಗೆ ಕೊಡೀನ್ ಇರುವ ಸಿರಪ್ ಸೇವಿಸುತ್ತಿದ್ದಾರೆಯೇ ಎಂದು ವಿಚಾರಿಸಿ. ಇವುಗಳಾಗಲಿ ಮದ್ಯವಾಗಲಿ ಜೊತೆಗೂಡಿದರೆ ಉಸಿರಾಟವೇ ಕುಗ್ಗಿ ಜೀವಕ್ಕೆ ಅಪಾಯವಾಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಟ್ರಾಮಡಾಲ್, ಕೊಡೀನ್ ಜಾತಿಯ ಔಷಧಗಳೊಂದಿಗೆ ಇವುಗಳ ಜೋಡಿಯ ಬಗ್ಗೆ, 2020ರಲ್ಲಿ ಅವಲಂಬನೆಯ ಬಗ್ಗೆ ಅತ್ಯುನ್ನತ ಮಟ್ಟದ ಎಚ್ಚರಿಕೆ ನೀಡಿತು. ನಮ್ಮಲ್ಲಿಯೂ ಅಲ್ಪ್ರಜೋಲಾಮ್ ಶೆಡ್ಯೂಲ್ ಎಚ್1 ಎಂಬ, ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಯಲ್ಲಿದೆ. ಮಾರಿದವರು ರೋಗಿಯ ಹೆಸರನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ನಾಲ್ಕು ವರ್ಷದ ಚೀಟಿಗೆ ಮಾತ್ರೆ ಸಿಗುತ್ತಿದೆಯೆಂಬುದು ನನಗೆ ಬೇಸರದ ಸಂಗತಿ, ಅಚ್ಚರಿಯದಲ್ಲ.

ಬಿಡಿಸುವ ಕ್ರಮ ನಿಧಾನದ್ದು. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಶೇ 5ರಿಂದ 10ರಷ್ಟು ಇಳಿಸಲಾಗುತ್ತದೆ. ಕೆಲವರಿಗೆ ಹೆಚ್ಚು ಹೊತ್ತು ಉಳಿಯುವ ಡಯಾಜೆಪಾಮ್‌ಗೆ ಬದಲಿಸಿ ಇಳಿಸುವುದುಂಟು, ಆದರೆ ವೃದ್ಧರಲ್ಲಿ ಅದಕ್ಕೂ ಎಚ್ಚರ ಬೇಕು. ಮನೋವೈದ್ಯರ ಬಳಿಗೆ ಹೋಗುವಾಗ ತಾಯಿಯವರ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿ ಒಯ್ಯಿರಿ. ತಂದೆಯವರ ಅಗಲಿಕೆಯ ದುಃಖ ಈಗಲೂ ನಿದ್ದೆ ಕೆಡಿಸುತ್ತಿದೆಯೇ ಎಂಬುದನ್ನು ಅವರೇ ಹೇಳಿಕೊಳ್ಳಲು ಸ್ವಲ್ಪ ಹೊತ್ತು ವೈದ್ಯರೊಂದಿಗೆ ಅವರನ್ನು ಮಾತ್ರ ಬಿಡಿ.