ಗ್ಲೌಸ್ ಹಾಕಿದ್ದರೂ ಸೋಂಕು ಬಂತಲ್ಲ, ಸಿಸ್ಟರ್?

ಪ್ರಶ್ನೆ: ಸೊಂಟದ ಮೂಳೆ ಮುರಿದ ನಮ್ಮ ಅತ್ತೆಯವರಿಗೆ ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಐದನೆಯ ದಿನ ಚಳಿಜ್ವರ ಬಂತು, ಮೂತ್ರದ ಸೋಂಕು ಎಂದರು. ನರ್ಸ್‌ಗಳು ಸದಾ ಗ್ಲೌಸ್ ಹಾಕಿಕೊಂಡೇ ಇರುತ್ತಿದ್ದರು. ತಪ್ಪು ಅವರದೇ? ಕೈ ತೊಳೆಯಿರಿ ಎಂದು ನಾವು ಹೇಳಬಹುದೇ? ಈಗ ಮೂತ್ರದ ಪೈಪ್ ಸಮೇತ ಮನೆಗೆ ಕಳಿಸಿದ್ದಾರೆ.
– ಓದುಗರೊಬ್ಬರು, ಹರಿಹರ

ಉತ್ತರ: ‘ಸದಾ ಗ್ಲೌಸ್ ಹಾಕಿಕೊಂಡೇ’ ಎಂದಿರಲ್ಲ, ನನಗೆ ಅನುಮಾನ ಬಂದಿದ್ದೇ ಅಲ್ಲಿ. ಒಂದೇ ಜೋಡಿ ಗ್ಲೌಸಿನಲ್ಲಿ ಸಾಲಾಗಿ ಮಂಚ ಮುಗಿಸುವ ಹುಡುಗಿಯರನ್ನು ವಾರ್ಡಿನ ಉಸ್ತುವಾರಿಯಲ್ಲಿದ್ದಾಗ ಗದರಿ ಗದರಿ ನನಗೆ ಸಾಕಾಗಿತ್ತು. ಗ್ಲೌಸ್ ಹಾಕಿದವಳಿಗೆ ತನ್ನ ಕೈ ಶುದ್ಧ ಎನಿಸುತ್ತದೆ. ಮಲಗಿದವರ ಪಾಲಿಗೆ ಅದು ಪಕ್ಕದ ಮಂಚದಿಂದ ಬಂದ ಕೈ. ಒಬ್ಬ ರೋಗಿಯ ಕೆಲಸ ಮುಗಿದೊಡನೆ ಅದನ್ನು ತೆಗೆಯಬೇಕು, ತೆಗೆದ ಮೇಲೂ ಕೈ ಶುಚಿ ಮಾಡಿಕೊಳ್ಳಬೇಕು. ಸ್ಯಾನಿಟೈಸರ್ ಆದರೆ 20–30 ಸೆಕೆಂಡ್ ಉಜ್ಜಿದರೆ ಸಾಕು. ಕೈಗೆ ರಕ್ತವೋ ಕೊಳೆಯೋ ಕಂಡರೆ ಸೋಪು, ನೀರೇ ಬೇಕು; ಅದಕ್ಕೆ 40–60 ಸೆಕೆಂಡ್.

ದಾಖಲಾಗಿ 48 ಗಂಟೆ ಕಳೆದ ಮೇಲೆ ಕಾಣಿಸಿಕೊಂಡ ಸೋಂಕನ್ನು ಸಾಮಾನ್ಯವಾಗಿ ಆಸ್ಪತ್ರೆಯ ಲೆಕ್ಕಕ್ಕೇ ಬರೆಯುತ್ತೇವೆ. ಹಾಗೆಂದು ಒಬ್ಬ ನರ್ಸ್ ಮೇಲೆ ಬೆರಳು ತೋರಿಸಲು ನಾನು ಒಪ್ಪುವುದಿಲ್ಲ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬಳನ್ನು ಬಿಟ್ಟು, ಸಿಂಕಿನಲ್ಲಿ ನೀರಿಲ್ಲದಿದ್ದರೆ ಅದು ಆಡಳಿತದವರ ತಪ್ಪು. ಪೈಪಿನದಂತೂ ಬೇರೆಯೇ ಕಥೆ. ಕೈ ಎಷ್ಟೇ ಶುಚಿಯಾಗಿರಲಿ, ಪೈಪ್ ಒಳಗಿರುವ ಪ್ರತಿ ದಿನವೂ ಸೋಂಕಿನ ಸಾಧ್ಯತೆ ಏರುತ್ತಲೇ ಹೋಗುತ್ತದೆ. ಹಾಗಾಗಿ ಬೆಳಗಿನ ರೌಂಡ್ಸ್‌ನಲ್ಲಿ ‘ಡಾಕ್ಟರೇ, ಈ ಪೈಪ್ ಇವತ್ತೂ ಬೇಕೇ?’ ಎಂದು ಬಾಯಿಬಿಟ್ಟು ಕೇಳುವ ನರ್ಸ್ ನನ್ನ ಮಟ್ಟಿಗೆ ಅತ್ಯಂತ ಬೆಲೆಯುಳ್ಳವಳು. ಕೆಲವು ವೈದ್ಯರು ಹುಬ್ಬು ಗಂಟಿಕ್ಕುತ್ತಾರೆ. ಗಂಟಿಕ್ಕಲಿ.

ನೀವು ಹೇಳಬಹುದೇ? ಧಾರಾಳವಾಗಿ. ‘ಸಿಸ್ಟರ್, ಕೈಗೆ ಸ್ಯಾನಿಟೈಸರ್ ಹಾಕಿಕೊಂಡಿರಾ?’ ಎಂದು ಮೆಲ್ಲಗೆ ಕೇಳಿದರೆ ಯಾರೂ ಸಿಟ್ಟಾಗಬಾರದು. ಆದರೆ ನೋಡಲು ಬರುವ ನೆಂಟರಿಗೂ ಹೇಳಿ. ಮಂಡಕ್ಕಿ, ಮಿರ್ಚಿ ತಿಂದ ಕೈಯಲ್ಲೇ ಡ್ರಿಪ್ ಸರಿಮಾಡಲು ಹೋಗುವವರನ್ನು ನಮ್ಮೂರಿನಲ್ಲಿ ಬೇಕಾದಷ್ಟು ಕಂಡಿದ್ದೇನೆ.

ಈಗ ಮನೆಯಲ್ಲಿ ಆ ಕೈ ನಿಮ್ಮದೇ. ಪೈಪನ್ನೋ ಚೀಲವನ್ನೋ ಮುಟ್ಟುವ ಮುಂಚೆ, ಮುಟ್ಟಿದ ಮೇಲೆ ಸೋಪು ಹಚ್ಚಿ ತೊಳೆಯಿರಿ. ಚೀಲ ಯಾವಾಗಲೂ ಹೊಟ್ಟೆಯ ಮಟ್ಟಕ್ಕಿಂತ ಕೆಳಗಿರಲಿ, ಆದರೆ ನೆಲಕ್ಕೆ ತಾಗದಿರಲಿ. ಅತ್ತೆಯವರನ್ನು ಎಬ್ಬಿಸುವಾಗ ಚೀಲವನ್ನು ಹಾಸಿಗೆಯ ಮೇಲಿಟ್ಟರೆ ಮೂತ್ರ ಹಿಂದಕ್ಕೆ ಹರಿಯುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಪೈಪ್ ಮತ್ತು ಚೀಲದ ಜೋಡಣೆಯನ್ನು ಸುಮ್ಮನೆ ಬಿಚ್ಚಬೇಡಿ, ಚೀಲದ ಕೆಳಗಿನ ಮೂತಿಯಿಂದಲೇ ಖಾಲಿ ಮಾಡಿ. ಬರೆದುಕೊಟ್ಟ ಆ್ಯಂಟಿಬಯೋಟಿಕ್ ಅನ್ನು ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಬೇಡಿ. ಮತ್ತೆ ಚಳಿ ಬಂದರೆ, ಮೂತ್ರ ಕಟ್ಟಿಕೊಂಡರೆ ಅಥವಾ ಅವರು ಅಸಂಬದ್ಧವಾಗಿ ಮಾತನಾಡತೊಡಗಿದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಪೈಪ್ ತೆಗೆಯುವ ದಿನಾಂಕ ಚೀಟಿಯಲ್ಲಿ ಇಲ್ಲವಾದರೆ ನಾಳೆಯೇ ಫೋನ್ ಮಾಡಿ ಕೇಳಿ.